ಸೆವರೆನ್ಸ್ ಕರಾರಿಗೆ ಐದೇ ದಿನಗಳಲ್ಲಿ ಸಹಿ ಹಾಕಬೇಕೇ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸನಿವೇಲ್‌ನಿಂದ

ಕಳೆದ ವಾರ ನಮ್ಮ ವಿಭಾಗದ ಹಲವರನ್ನು ಒಟ್ಟಿಗೆ ಕೆಲಸದಿಂದ ತೆಗೆದರು. ನನಗೆ 44 ವರ್ಷ, ಎಚ್-1ಬಿ ವೀಸಾ. ಸೆವರೆನ್ಸ್ (ಕೆಲಸದಿಂದ ತೆಗೆದಾಗ ಕೊಡುವ ಪರಿಹಾರ) ಎಂದು ಹದಿನಾಲ್ಕು ವಾರಗಳ ಸಂಬಳ ಕೊಡುತ್ತಾರಂತೆ. ಬದಲಿಗೆ, ಕಂಪನಿಯ ಮೇಲೆ ಎಂದಿಗೂ ದಾವೆ ಹೂಡುವುದಿಲ್ಲವೆಂದು ಐದು ದಿನಗಳೊಳಗೆ ಸಹಿ ಹಾಕಬೇಕು. ಉಳಿದಿರುವ ರಜೆಯ ಹಣವೂ ಸಹಿಯಾದ ಮೇಲೆಯೇ ಎಂದು ಎಚ್‌ಆರ್‌ನವರು ಫೋನಿನಲ್ಲಿ ಹೇಳಿದರು. ಉಳಿಸಿಕೊಂಡವರು ಹೆಚ್ಚಾಗಿ ಮೂವತ್ತರ ಆಸುಪಾಸಿನವರು. ಅದು ಕಾಕತಾಳೀಯ ಎಂದು ನಂಬುವಷ್ಟು ಒಳ್ಳೆಯವಳು ನಾನಲ್ಲ. ಯಜಮಾನರು ಮಾತ್ರ "ಬಂದಷ್ಟು ಬರಲಿ, ಸಹಿ ಹಾಕಿಬಿಡು" ಎನ್ನುತ್ತಿದ್ದಾರೆ.

ಉತ್ತರ 1

ಮೊದಲು ರಜೆಯ ಹಣ, ಏಕೆಂದರೆ ಓದುವಾಗ ನನಗೆ ಸಿಟ್ಟು ಬಂದದ್ದು ಅಲ್ಲಿಯೇ. ಕ್ಯಾಲಿಫೋರ್ನಿಯಾದಲ್ಲಿ ಗಳಿಸಿದ ರಜೆ ದುಡಿದ ಸಂಬಳಕ್ಕೆ ಸಮ. ತೆಗೆದುಹಾಕಿದ ದಿನವೇ ಅದನ್ನು ಪೂರ್ತಿ ಚುಕ್ತಾ ಮಾಡಬೇಕು. ಬೇಕೆಂದೇ ತಡ ಮಾಡಿದರೆ ತಡವಾದ ಪ್ರತಿ ದಿನಕ್ಕೂ ಒಂದು ದಿನದ ಸಂಬಳ ದಂಡ, ಗರಿಷ್ಠ 30 ದಿನಗಳವರೆಗೆ. ಸಲ್ಲಬೇಕಾದ ಸಂಬಳಕ್ಕೆ ಪ್ರತಿಯಾಗಿ ಇಂಥ ಸಹಿ ಕೇಳುವುದನ್ನು ಲೇಬರ್ ಕೋಡ್‌ನ ಸೆಕ್ಷನ್ 206.5 ನಿಷೇಧಿಸಿದೆ. ಫೋನಿನಲ್ಲಿ ಹೇಳಿದ್ದನ್ನೇ ಇಮೇಲಿನಲ್ಲಿ ತಿಳಿಸಿ ಎಂದು ಕೇಳಿ ನೋಡಿ, ದನಿ ಬದಲಾಗುತ್ತದೆ.

ಇನ್ನು ಐದು ದಿನಗಳ ಗಡುವು. 40 ದಾಟಿದವರು ವಯಸ್ಸಿನ ತಾರತಮ್ಯದ ಹಕ್ಕನ್ನು ಬಿಟ್ಟುಕೊಡುವ ಕರಾರು ಊರ್ಜಿತವಾಗಬೇಕಾದರೆ, 1990ರ ಫೆಡರಲ್ ಕಾನೂನಿನ ಪ್ರಕಾರ ಯೋಚಿಸಲು 21 ದಿನ, ಗುಂಪಾಗಿ ತೆಗೆದಿದ್ದರೆ 45 ದಿನ ಕೊಡಬೇಕು. ಸಹಿ ಹಾಕಿದ ಮೇಲೂ 7 ದಿನಗಳೊಳಗೆ ಹಿಂತೆಗೆದುಕೊಳ್ಳಬಹುದು. ಯಾವ ಹುದ್ದೆಯ, ಎಷ್ಟು ವಯಸ್ಸಿನವರನ್ನು ತೆಗೆದರು, ಎಂಥವರನ್ನು ಉಳಿಸಿಕೊಂಡರು ಎಂಬ ಪಟ್ಟಿಯೂ ನಿಮ್ಮ ಕೈಗೆ ಬರಬೇಕು.

ಲೂಯಿಸಿಯಾನದ ಡಾಲರೆಸ್ ಔಬ್ರೆ ಎಂಬಾಕೆಗೆ ಎಂಟರ್ಜಿ ಕಂಪನಿ ಯೋಚಿಸಲು 14 ದಿನ ಕೊಟ್ಟಿತ್ತು, ಹಿಂತೆಗೆದುಕೊಳ್ಳಲು ಅವಕಾಶವನ್ನೇ ಕೊಟ್ಟಿರಲಿಲ್ಲ. ಆಕೆ ಸಹಿ ಹಾಕಿ 6,258 ಡಾಲರ್ ಪಡೆದಿದ್ದರು. ಆ ಹಣ ಹಿಂದಿರುಗಿಸದೆಯೇ ದಾವೆ ನಡೆಸಬಹುದೆಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆಂದು ಅದನ್ನೇ ನಂಬಿ ಸಹಿ ಹಾಕಬೇಡಿ: ಉಳಿಯುವುದು ವಯಸ್ಸಿನ ದೂರಿನ ಹಕ್ಕು ಮಾತ್ರ, ಮಿಕ್ಕ ಹಕ್ಕುಗಳು ಹೋಗಿಬಿಡಬಹುದು. ಕರಾರಿನಲ್ಲಿ ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್‌ನ ಸೆಕ್ಷನ್ 1542ರ ಹಕ್ಕನ್ನು ಬಿಟ್ಟುಕೊಡುವ ಮಾತು ಇದೆಯೇ ನೋಡಿ. ಇದ್ದರೆ, ಇಂದು ನಿಮಗೆ ಗೊತ್ತೇ ಇಲ್ಲದ ತಕರಾರುಗಳನ್ನೂ ಕೈಬಿಡಿ ಎಂದು ಕೇಳುತ್ತಿದ್ದಾರೆ.

ಉತ್ತರ 2

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ 45 ದಿನ ಇದೆಯೆಂದು ನೆಮ್ಮದಿಯಾಗಿ ಕೂರಬೇಡಿ. ಎಚ್-1ಬಿಯವರಿಗೆ ಕೆಲಸ ಮುಗಿದ ಮೇಲೆ ಅಮೆರಿಕದಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ಐ-94 (ಎಲ್ಲಿಯವರೆಗೆ ಇಲ್ಲಿರಬಹುದು ಎಂದು ತಿಳಿಸುವ ದಾಖಲೆ) ಅದಕ್ಕೂ ಮೊದಲೇ ಮುಗಿದರೆ ಅಲ್ಲಿಯವರೆಗೆ ಮಾತ್ರ. ಹದಿನಾಲ್ಕು ವಾರಗಳ ಹಣ ಬಂದ ಮಾತ್ರಕ್ಕೆ ಅದು ಹಿಗ್ಗುವುದಿಲ್ಲ. ಹೊಸ ಕಂಪನಿಯ ಅರ್ಜಿ ಅಷ್ಟರೊಳಗೆ ಹೋಗಬೇಕು. ವೀಸಾ ಅವಧಿಗೆ ಮೊದಲೇ ತೆಗೆದುದರಿಂದ, ನೀವು ಊರಿಗೆ ಮರಳುವುದಾದರೆ ನಿಮ್ಮ ಪ್ರಯಾಣದ ಖರ್ಚು ಕಂಪನಿಯ ಹೊಣೆ. ಮನೆಯವರ ಟಿಕೆಟ್ ಇದರಲ್ಲಿ ಸೇರುವುದಿಲ್ಲ.

ಪ್ರಶ್ನೆ ಕೇಳಿದವರು

ಇಮೇಲ್ ಕಳುಹಿಸಿದೆ. ರಜೆಯ ಹಣ "ಲೆಕ್ಕದ ಗೊಂದಲ" ಎಂಬ ವಿವರಣೆಯೊಂದಿಗೆ ಬ್ಯಾಂಕಿಗೆ ಬಂದಿದೆ. ಹೊಸ ಕರಾರಿನಲ್ಲಿ 45 ದಿನ ಎಂದಿದೆ. ಪಟ್ಟಿಯೂ ಬಂದಿದೆ: ತೆಗೆದ ಒಂಬತ್ತು ಮಂದಿಯಲ್ಲಿ ಏಳು ಮಂದಿ 40 ದಾಟಿದವರು. ಯಜಮಾನರು ಈಗ ನನಗಿಂತ ಹೆಚ್ಚು ಕೆರಳಿದ್ದಾರೆ. ಸಾಂತಾ ಕ್ಲಾರಾ ಕಡೆ ನೌಕರರ ಪರವಾಗಿ ಮಾತ್ರ ವಾದಿಸುವ ವಕೀಲರು ಯಾರಾದರೂ ಗೊತ್ತಿದ್ದರೆ ಖಾಸಗಿಯಾಗಿ ತಿಳಿಸಿ.