ಗಾರ್ಬೇಜ್ ದಿನವೂ, ಟ್ರ್ಯಾಶ್ ವಾರಕ್ಕೆ ಎರಡು ಸಲ

(ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಮಾತುಕತೆ. ಮುಲುಂಡ್, ಡೊಂಬಿವಲಿ ಮುಂಬೈ ಕಡೆಯವು. ವೈನಿ ಎಂದರೆ ಅತ್ತಿಗೆ.)

ಮುಲುಂಡ್ ಅಣ್ಣ: ನಮ್ಮ ವಸತಿ ಸೊಸೈಟಿಯ ಹೊಸ ಸೂಚನೆಯ ಫೋಟೊ ನೋಡಿ. “ಗಾರ್ಬೇಜ್ ದಿನವೂ ಬೆಳಿಗ್ಗೆ ಎಂಟಕ್ಕೆ. ಟ್ರ್ಯಾಶ್ ಬುಧವಾರ, ಶನಿವಾರ ಮಾತ್ರ. ಬೆರೆಸಿ ಇಟ್ಟರೆ ನೂರು ರೂಪಾಯಿ ದಂಡ.” ನಿನ್ನೆ ಎದುರುಮನೆಯ ಅಜ್ಜಿಗೆ ದಂಡ ಬಿದ್ದಿದೆ.

ಡೊಂಬಿವಲಿ ಅತ್ತೆ: ಎರಡೂ ಕಸವೇ ಅಲ್ಲವೇನೋ? ಆ ಮುದುಕಿಗೆ ಹೇಗೆ ತಿಳಿಯಬೇಕು? ಮೊದಲು ಆ ದುಡ್ಡು ವಾಪಸು ಕೊಡಿಸು.

ಪುಣೆ ಕಾಕಾ: ಸೂಚನೆ ಸರಿಯಾಗಿಯೇ ಇದೆ ಅಕ್ಕ. ಗಾರ್ಬೇಜ್ ಎಂದರೆ ಅಡುಗೆಮನೆಯ ಹಸಿ ಕಸ. ಟ್ರ್ಯಾಶ್ ಎಂದರೆ ಕಾಗದ, ಡಬ್ಬಿಯಂಥ ಒಣ ಕಸ. ಅಮೆರಿಕದಲ್ಲಿ ಇದು ಹಳೆಯ ಭೇದ. ಓದಿದವರಿಗೆ ಇಷ್ಟು ಗೊತ್ತಿರಬೇಕು.

ವೈನಿ: ಓದಿದವರಿಗೂ ಗೊತ್ತಿಲ್ಲ ಕಾಕಾ. ನಮ್ಮ ಶಾಲೆಯಲ್ಲಿ ಎಲ್ಲದಕ್ಕೂ ರಬಿಶ್ ಎನ್ನುತ್ತಿದ್ದರು.

ನಾನು: ಕಾಕಾ, ನಿಮ್ಮ ಮಾತಿಗೆ ಆಧಾರವಿದೆ. ಜಾರ್ಜ್ ವೇರಿಂಗ್ 1895ರಲ್ಲಿ ನ್ಯೂಯಾರ್ಕಿನ ಬೀದಿ ಸ್ವಚ್ಛತೆಯ ಹೊಣೆ ಹೊತ್ತ ಮೇಲೆ ಮನೆಗಳ ಕಸವನ್ನು ಮೂರು ಪಾಲು ಮಾಡಿಸಿದರು. ಊಟದ ಉಳಿಕೆ ಗಾರ್ಬೇಜ್, ಒಲೆಯ ಬೂದಿ ಬೇರೆ, ಕಾಗದ, ಚಿಂದಿಯಂಥ ಒಣದು ರಬಿಶ್. ಅಲ್ಲಿಯೂ ಒಣ ಕಸದ ಹೆಸರು ಟ್ರ್ಯಾಶ್ ಆಗಿರಲಿಲ್ಲ. ಲಂಡನ್ನಿನಲ್ಲಿ ಅದೇ ರಬಿಶ್ ಎಂದರೆ ಹಸಿ, ಒಣ ಎಲ್ಲವೂ ಸೇರಿತು. ಕೆನಡಾದಲ್ಲಿ ಸಾಮಾನ್ಯವಾಗಿ ಎಲ್ಲದಕ್ಕೂ ಗಾರ್ಬೇಜ್ ಎನ್ನುತ್ತಾರೆ. ಇಂದಿನ ಅಮೆರಿಕದಲ್ಲಿಯೂ ಬಹಳ ಜನ ಗಾರ್ಬೇಜ್, ಟ್ರ್ಯಾಶ್ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ತವರಿನಲ್ಲಿಯೇ ಗಟ್ಟಿಯಾಗಿ ಉಳಿಯದ ಭೇದವನ್ನು ಮುಲುಂಡಿಗೆ ತಂದು, ಅದರ ಮೇಲೆ ದಂಡ ಹಾಕುವುದು ಅನ್ಯಾಯ.

ಪುಣೆ ಕಾಕಾ: ಬಳಕೆ ಸಡಿಲವಾಯಿತೆಂದು ಅರ್ಥವನ್ನೇ ಬಿಟ್ಟುಬಿಡುವುದೇ? ಮೂಲಾರ್ಥ ಎಂಬುದು ಒಂದಿರುತ್ತದೆ.

ನಾನು: ಮೂಲಕ್ಕೆ ಹೋದರೆ ಸೂಚನೆ ಇನ್ನಷ್ಟು ಕೆಡುತ್ತದೆ. 15ನೆಯ ಶತಮಾನದ ಇಂಗ್ಲಿಷ್ ಅಡುಗೆ ಬರಹಗಳಲ್ಲಿ ಗಾರ್ಬೇಜ್ ಎಂದರೆ ಕೋಳಿಯ ತಲೆ, ಕಾಲು, ಕರುಳು. ಅದನ್ನು ಬೇಯಿಸಿ ತಿನ್ನುತ್ತಿದ್ದರು. ಡಸ್ಟ್‌ಬಿನ್ನಿನ ಡಸ್ಟ್ ಮುಖ್ಯವಾಗಿ ಕಲ್ಲಿದ್ದಲಿನ ಬೂದಿ. ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ಅದನ್ನು ಮನೆಮನೆಯಿಂದ ಹೊತ್ತೊಯ್ದು ಇಟ್ಟಿಗೆ ಮಾಡುವವರಿಗೆ ಮಾರುತ್ತಿದ್ದರು. ಒಲೆ ಹೋಯಿತು, ಬೂದಿ ಹೋಯಿತು, ಹೆಸರು ನಮ್ಮ ಅಡುಗೆಮನೆಯವರೆಗೂ ಬಂದಿದೆ.

ಇನ್ನು ಟ್ರ್ಯಾಶ್. ಚಿಕ್ಕೋಡಿಯ ಹೊಲದಲ್ಲಿ ಕಬ್ಬು ಕಡಿದ ಮೇಲೆ ಕಾಲು ಹೂತುಹೋಗುವಷ್ಟು ಬೀಳುವ ಒಣ ಎಲೆ, ಅದೇ ರವದಿ, ನೆನಪಿದೆಯಲ್ಲವೇ? ಮರಾಠಿಯವರ ಪಾಚಟ. ಕೃಷಿಯ ಇಂಗ್ಲಿಷಿನಲ್ಲಿ ಇಂದಿಗೂ ಅದರ ಹೆಸರು ಟ್ರ್ಯಾಶ್. ಸುಡಬೇಡಿ, ಸಾಲುಗಳ ನಡುವೆ ಹರಡಿ, ಕೊಳೆತು ಗೊಬ್ಬರವಾಗುತ್ತದೆ ಎಂದು ರೈತರಿಗೆ ಹೇಳುತ್ತಾರೆ. ಹೊಲದಲ್ಲಿ ಟ್ರ್ಯಾಶ್ ಕೊಳೆಯುವ ವಸ್ತು, ಅಣ್ಣನ ಲಿಫ್ಟಿನ ಪಕ್ಕದ ಗೋಡೆಯಲ್ಲಿ ಕೊಳೆಯದ ವಸ್ತು!

ಡೊಂಬಿವಲಿ ಅತ್ತೆ: ರವದಿಯನ್ನು ಯಾರಾದರೂ ಕಸ ಎನ್ನುತ್ತಾರೆಯೇ? ದನಗಳ ಕಾಲಡಿಗೆ ಹಾಸುತ್ತಿದ್ದೆವು. ಮುಸುರೆ ಎಮ್ಮೆಗೆ ಹೋಗುತ್ತಿತ್ತು. ಹೊರಗೆ ಹಾಕುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ನಾನು: ದನಕ್ಕೆ ಹಾಸುವ ಹುಲ್ಲಿಗೆ ಇಂಗ್ಲಿಷಿನಲ್ಲಿ ಲಿಟರ್ ಎನ್ನುತ್ತಾರೆ ಅತ್ತೆ. ಈಗ ಅದೇ ಪದ ರಸ್ತೆಯಲ್ಲಿ ಎಸೆದ ಪೊಟ್ಟಣಕ್ಕೂ ಸಲ್ಲುತ್ತದೆ.

ಮುಲುಂಡ್ ಅಣ್ಣ: ಹಾಗಾದರೆ ಏನೆಂದು ಬರೆಯಬೇಕು? ಎಲ್ಲ ಭಾಷೆಯವರೂ ಇರುವುದರಿಂದ ಇಂಗ್ಲಿಷನ್ನು ಬಿಡಲಾಗದು ಎನ್ನುತ್ತಾರೆ ಕಾರ್ಯದರ್ಶಿ.

ನಾನು: ಇಂಗ್ಲಿಷ್ ಇರಲಿ, ವೆಟ್, ಡ್ರೈ ಎಂದು ಬರೆಯಲಿ. ಜೊತೆಗೆ ಮರಾಠಿಯಲ್ಲಿ ಓಲಾ ಕಚರಾ, ಸುಕಾ ಕಚರಾ ಎಂದೂ ಇರಲಿ. ಅದಕ್ಕಿಂತ ಮುಖ್ಯ, ವಸ್ತುಗಳ ಹೆಸರು ಬರೆಸು. ಪುಣೆಯಲ್ಲಿ ಕಸ ಆಯುವವರು 1993ರಲ್ಲಿ ಸಂಘಟನೆ ಕಟ್ಟಿದಾಗ ಇಟ್ಟ ಹೆಸರು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್. ಕಾಗದ, ಗಾಜು, ತಗಡು. ಕಸ ಎಂಬ ಮಾತೇ ಅದರಲ್ಲಿಲ್ಲ. ಅದರಿಂದ ಬೆಳೆದ ಸ್ವಚ್ಛ್ ಸಹಕಾರಿಯ ಹೆಂಗಸರು ನಮ್ಮ ಓಣಿಗೆ ಬರುತ್ತಾರೆ. ಬಕೆಟ್ಟನ್ನು ಬಗ್ಗಿಸಿ ಹಾಲಿನ ಚೀಲ ಒಂದು ಕಡೆ, ರಟ್ಟು ಒಂದು ಕಡೆ, ಬಾಟಲಿ ಇನ್ನೊಂದು ಕಡೆ ಹಾಕುತ್ತಾರೆ. ಸ್ಯಾನಿಟರಿ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಡಿ ಎಂದು ಊರಿಗೆಲ್ಲ ಕೇಳಿಕೊಂಡವರು ಅವರು. ಅಕ್ಷರ ಬಾರದವರಿಗೂ ಆ ಚುಕ್ಕೆ ತಿಳಿಯುತ್ತದೆ. ನಾವು ಇಟ್ಟದ್ದನ್ನು ಕೈಯಿಂದ ಮುಟ್ಟಿ ಬೇರ್ಪಡಿಸುವವರಿಗೆ ಅನುಕೂಲವಾಗುವಂತೆ ಸೂಚನೆ ಇರಬೇಕು. ಅಮೆರಿಕದ ಬಳಕೆ ಏನೆಂಬುದು ಇಲ್ಲಿ ಯಾರಿಗೂ ಬೇಕಿಲ್ಲ.

ಪುಣೆ ಕಾಕಾ: ಆ ಹೆಂಗಸರ ಮಾತು ಒಪ್ಪಿದೆ. ಗಾರ್ಬೇಜ್ ಎಂದದ್ದು ತಪ್ಪು ಎಂಬುದನ್ನು ಮಾತ್ರ ಒಪ್ಪುವುದಿಲ್ಲ.

ನಾನು: ತಪ್ಪು ಎನ್ನುತ್ತಿಲ್ಲ ಕಾಕಾ. ದಂಡ ಹಾಕುವಷ್ಟು ಸ್ಪಷ್ಟವಲ್ಲ ಎನ್ನುತ್ತಿದ್ದೇನೆ.

ಮುಲುಂಡ್ ಅಣ್ಣ: ಹೀಗೆ ಬರೆದರೆ? “ಹಸಿ: ತರಕಾರಿ ಸಿಪ್ಪೆ, ಉಳಿದ ಅನ್ನ, ಚಹಾದ ಗಸಿ, ಪೂಜೆಯ ಹೂವು, ದಿನವೂ. ಒಣ: ಕಾಗದ, ರಟ್ಟು, ಬಾಟಲಿ, ತೊಳೆದ ಹಾಲಿನ ಚೀಲ, ಬುಧವಾರ ಮತ್ತು ಶನಿವಾರ.” ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹಾಕಿಸುತ್ತೇನೆ.

ವೈನಿ: ಸಿಎಫ್‌ಎಲ್ ಬಲ್ಬು, ಮುಗಿದ ಸೆಲ್ಲು, ಅವಧಿ ಮೀರಿದ ಮಾತ್ರೆ ಬಿಟ್ಟುಹೋಗಿವೆ. ಘನತ್ಯಾಜ್ಯ ನಿಯಮಗಳಲ್ಲಿ 2016ರಲ್ಲೇ ಅವಕ್ಕೆ ಬೇರೆಯೇ ಪಾಲು ಮಾಡಿದ್ದರು. ಮೂರನೆಯ ಸಾಲು ಸೇರಿಸಿ, ಆಮೇಲೆ ಕಳುಹಿಸಿ.