ಆಫೀಸಿನ ಫೈಲು ಯಾರ ಕೈಯಲ್ಲಿದೆ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ನಮಸ್ಕಾರ. ಇವತ್ತು ಗೋಕುಲ ರಸ್ತೆಯ ನಮ್ಮ ನೆಟ್‌ವರ್ಕ್ ಸರ್ ಬಿಡುವು ಮಾಡಿಕೊಂಡಿದ್ದಾರೆ. ಸಣ್ಣ ಆಫೀಸುಗಳ ಕಂಪ್ಯೂಟರ್, ಬ್ಯಾಕಪ್ ನೋಡಿಕೊಳ್ಳುವುದೇ ಅವರ ಕೆಲಸ. ವಿಷಯ ಇಷ್ಟೇ: ಫೈಲು ಸಲೀಸಾಗಿ ಹಂಚಿಕೊಳ್ಳಬೇಕು, ಆದರೆ ಕಂಡವರ ಕೈಗೆ ಹೋಗಬಾರದು. ಒಬ್ಬರಿಗೆ ಒಂದೇ ಪ್ರಶ್ನೆ.

ಗದಗ ಪ್ರೆಸ್: ಸರ್, ನಮ್ಮದು ಪ್ರಿಂಟಿಂಗ್ ಪ್ರೆಸ್. ದಿನಕ್ಕೆ ಹದಿನೈದಿಪ್ಪತ್ತು ಗಿರಾಕಿಗಳು ಪೆನ್‌ಡ್ರೈವ್ ತರ್ತಾರೆ, ಲಗ್ನದ ಸೀಸನ್‌ನಲ್ಲಿ ಇನ್ನೂ ಜಾಸ್ತಿ. ಹಾಕಿದ ಕೂಡಲೇ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿಬಿಡುತ್ತವೆ. ಬೇಡ ಅಂದರೆ ಪಕ್ಕದ ಪ್ರೆಸ್‌ಗೆ ಹೋಗ್ತಾರೆ.

ನೆಟ್‌ವರ್ಕ್ ಸರ್: ಬೇಡ ಅನ್ನಬೇಡಿ. ಕೌಂಟರ್ ಹತ್ತಿರ ಒಂದು ಹಳೆ ಕಂಪ್ಯೂಟರ್ ಇಡಿ. ಪೆನ್‌ಡ್ರೈವ್ ಅದಕ್ಕೆ ಮಾತ್ರ. ಒಳಗಿನ ಕಂಪ್ಯೂಟರ್‌ಗಳನ್ನು ಜೋಡಿಸುವ ಲ್ಯಾನ್ ಕೇಬಲ್ ಅದಕ್ಕೆ ಕೊಡಬೇಡಿ, ಹೊರಗಿನವರಿಗೆಂದು ಬೇರೆಯಾಗಿಡುವ ಗೆಸ್ಟ್ ವೈಫೈ ಸಾಕು. ಸ್ಕ್ಯಾನ್ ಮಾಡಿ, ಬೇಕಾದ ಫೈಲನ್ನಷ್ಟೇ ಇಂಟರ್ನೆಟ್‌ನಲ್ಲಿರುವ ಗೂಗಲ್ ಡ್ರೈವ್‌ಗೆ ಏರಿಸಿ, ಡಿಸೈನ್ ಮಾಡುವವರು ಅಲ್ಲಿಂದ ಇಳಿಸಿಕೊಳ್ಳಲಿ. ಇನ್ನೊಂದು, ಶಾರ್ಟ್‌ಕಟ್ ಕಂಡರೆ ಅದರ ಮೇಲೆ ಒತ್ತಬೇಡಿ. ಒತ್ತಿದಾಗಲೇ ವೈರಸ್ ಓಡುವುದು. ಗಿರಾಕಿಯ ಫೈಲು ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತದೆ, ಹೋಗಿರುವುದಿಲ್ಲ.

ಬ್ಯಾಡಗಿ ದಲಾಲಿ ಅಂಗಡಿ: ವಾಟ್ಸಾಪ್ ಸೇಫಾ ಸರ್? ಮೆಣಸಿನಕಾಯಿ ರೇಟು, ರೈತರ ಪಾಸ್‌ಬುಕ್ ಫೋಟೋ, ಆಧಾರ್ ಎಲ್ಲಾ ಗ್ರೂಪ್‌ನಲ್ಲೇ ಓಡಾಡುತ್ತೆ.

ನೆಟ್‌ವರ್ಕ್ ಸರ್: ದಾರಿಯಲ್ಲಿ ಯಾರೂ ಓದಲಾರರು, ಅದು ನಿಜ. ತಲುಪಿದ ಮೇಲೆ? ಗ್ರೂಪ್‌ನಲ್ಲಿ 40 ಜನ ಇದ್ದರೆ 40 ಫೋನ್‌ಗಳಲ್ಲಿ ಆ ಪಾಸ್‌ಬುಕ್ ಕೂತಿರುತ್ತದೆ. ಅದರಲ್ಲಿ ಎಷ್ಟು ಫೋನು ಮನೆಯಲ್ಲಿ ಮಕ್ಕಳ ಕೈಯಲ್ಲಿರುತ್ತವೆ ನೋಡಿ. ರೇಟು ಗ್ರೂಪ್‌ನಲ್ಲಿ ಹಾಕಿ. ಪಾಸ್‌ಬುಕ್ ನೇರ ನಿಮ್ಮ ಗುಮಾಸ್ತರಿಗೆ ಒಬ್ಬರಿಗೇ ಬರಲಿ. ಆಧಾರ್ ಪೂರ್ತಿ ನಂಬರ್ ಬೇಡದ ಕಡೆ ಮಾಸ್ಕ್ಡ್ ಆಧಾರ್ ಕೇಳಿ, ಕೊನೆಯ 4 ಅಂಕಿ ಅಷ್ಟೇ ಕಾಣುತ್ತದೆ. ಅಂಗಡಿ ಕಂಪ್ಯೂಟರ್‌ನಲ್ಲಿ ವಾಟ್ಸಾಪ್ ತೆರೆದಿಟ್ಟಿದ್ದೀರಾ? ಫೋನ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ, ಗುರುತಿಲ್ಲದ್ದನ್ನು ಈಗಲೇ ತೆಗೆಯಿರಿ.

ಕೇಶ್ವಾಪುರ ಆಡಿಟ್ ಆಫೀಸ್: ಸರ್, ಬಹಳ ದಿನದಿಂದ ತಲೆ ಕೊರೆಯುತ್ತಿದೆ. ನಮ್ಮ ಸಾಹೇಬರಿಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ. 4 ವರ್ಷದ ಹಿಂದೆ ಒಬ್ಬ ಹುಡುಗ ಡ್ರೈವ್‌ನಲ್ಲಿ ಫೋಲ್ಡರ್ ಮಾಡಿಕೊಟ್ಟ. ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್ ಎಲ್ಲಾ ಅದರಲ್ಲೇ ಇವೆ. ಅವನು ಕೆಲಸ ಬಿಟ್ಟು 3 ತಿಂಗಳಾಯ್ತು. ನಿನ್ನೆ ನೋಡಿದರೆ ಫೋಲ್ಡರ್ ಅವನ ಸ್ವಂತ ಜಿಮೇಲ್‌ನಲ್ಲಿದೆ. ಲಿಂಕ್ ಇದ್ದವರು ಯಾರು ಬೇಕಾದರೂ ತೆರೆಯಬಹುದು ಅಂತಲೂ ತೋರಿಸ್ತಿದೆ. ಕ್ಲೈಂಟ್‌ಗಳ ಪಾಸ್‌ವರ್ಡ್ ಎಕ್ಸೆಲ್ ಕೂಡ ಅದರಲ್ಲೇ ಇದೆ. ಅವನಿಗೆ ಫೋನ್ ಮಾಡಿ ಬೈಯಲಾ?

ನೆಟ್‌ವರ್ಕ್ ಸರ್: ಮೇಡಂ, ಇನ್ನೂ ಫೋನ್ ಮಾಡಿಲ್ಲ ತಾನೇ? ಮಾಡಬೇಡಿ. ಜಗಳವಂತೂ ಬೇಡವೇ ಬೇಡ.

ಫೋಲ್ಡರ್ ನಿಮಗೆ ಕಾಣುತ್ತದೆ, ಅದರಲ್ಲಿ ನೀವು ಕೆಲಸ ಮಾಡಬಹುದು. ಆದರೂ ಅದು ನಿಮ್ಮದಲ್ಲ. ಫೈಲಿನ ವಿವರ ತೆಗೆದರೆ ಓನರ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಯಾರ ಜಿಮೇಲ್ ಇದೆಯೋ ಫೈಲು ಅವರದು. ಅವನು ಸಿಟ್ಟಿನಲ್ಲಿ ಅಳಿಸಿದರೆ ಅವನ ಟ್ರ್ಯಾಶ್‌ಗೆ ಹೋಗಿ 30 ದಿನಕ್ಕೆ ಪೂರ್ತಿ ಮಾಯ. ಅವನು ಒಳ್ಳೆಯವನೇ ಇರಲಿ, ಆ ಜಿಮೇಲನ್ನು ಮರೆತುಬಿಟ್ಟರೆ? 2 ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು.

ಹಾಗಾಗಿ ಇವತ್ತೇ ಕೂತು ಪೂರ್ತಿ ಫೋಲ್ಡರ್ ಡೌನ್‌ಲೋಡ್ ಮಾಡಿ. ದೊಡ್ಡದಿದ್ದರೆ ನಾಲ್ಕೈದು ಜಿಪ್ (ಫೈಲುಗಳ ಕಟ್ಟು) ಆಗಿ ಬರುತ್ತದೆ, ಒಂದೂ ಬಿಡಬೇಡಿ. ಬಿಚ್ಚಿ, ಫೈಲುಗಳ ಎಣಿಕೆ ತಾಳೆ ನೋಡಿ. ಪ್ರತಿ ವರ್ಷದ ಫೋಲ್ಡರ್‌ನಿಂದ ನಾಲ್ಕು ಫೈಲು ತೆರೆದು ನೋಡಿ. ಒಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ, ಡಿಸ್ಕ್ ಕಿತ್ತು ಬೀರುವಿನಲ್ಲಿಡಿ. ಇನ್ನೊಂದು ಪ್ರತಿ ಆಫೀಸಿನದೇ ಹೊಸ ಖಾತೆಗೆ ಏರಿಸಿ. ರಿಕವರಿ ನಂಬರ್ ಸಾಹೇಬರದೇ ಇರಲಿ, ಇನ್ನೊಬ್ಬ ಹುಡುಗನದು ಬೇಡ. ಹೊಸ ಫೋಲ್ಡರ್‌ನಲ್ಲಿ ಲಿಂಕ್ ಇದ್ದವರಿಗೆಲ್ಲ ಅನ್ನುವ ಆಯ್ಕೆ ಬೇಡ. ಒಬ್ಬೊಬ್ಬರ ಜಿಮೇಲ್ ಹಾಕಿ, ನೋಡುವವರಿಗೆ ನೋಡಲು ಮಾತ್ರ ಕೊಡಿ.

ನನಗೆ ನಿಜವಾಗಿ ಹೆದರಿಕೆ ಆಗಿದ್ದು ನಿಮ್ಮ ಎಕ್ಸೆಲ್ ವಿಷಯ ಓದಿ. ಆ ಲಿಂಕ್ 4 ವರ್ಷದಲ್ಲಿ ಎಷ್ಟು ಜನಕ್ಕೆ ಹೋಗಿದೆಯೋ ಗೊತ್ತಿಲ್ಲ. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಪಾಸ್‌ವರ್ಡ್ ಎಲ್ಲವೂ ಬದಲಾಗಬೇಕು. ಅದಕ್ಕೂ ಮೊದಲು ಒಂದನ್ನು ನೋಡಿ: ಪೋರ್ಟಲ್‌ನಲ್ಲಿ ಯಾವ ಮೊಬೈಲ್ ನಂಬರ್ ಇದೆ? ರಿಜಿಸ್ಟ್ರೇಷನ್ ಮಾಡುವಾಗ ಅವಸರಕ್ಕೆ ಆಫೀಸ್ ಹುಡುಗನ ನಂಬರ್ ಕೊಟ್ಟಿರುತ್ತಾರೆ. ಹಾಗಿದ್ದರೆ ನೀವು ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಓಟಿಪಿ ಅವನಿಗೇ ಹೋಗುತ್ತದೆ. ಜಿಎಸ್‌ಟಿಯಲ್ಲಿ ನಂಬರ್ ಬದಲಿಸಲು ನಾನ್-ಕೋರ್ ಅನ್ನುವ ಸಣ್ಣ ತಿದ್ದುಪಡಿ ಸಾಕು, ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ಮೊದಲು ನಂಬರ್, ಆಮೇಲೆ ಪಾಸ್‌ವರ್ಡ್. ಪಾಸ್‌ವರ್ಡ್‌ಗಳನ್ನು ಎಕ್ಸೆಲ್ ಬಿಟ್ಟು, ಅವನ್ನು ಬೀಗ ಹಾಕಿ ಕಾಯುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್‌ನಲ್ಲಿಡಿ. ಎಣಿಕೆ ತಾಳೆಯಾದ ಮೇಲೆ ಇಲ್ಲಿ ಹೇಳಿ, ಕಾಯ್ತಿರ್ತೀನಿ.

ಉಣಕಲ್ ಟ್ಯೂಷನ್: ಸರ್ ವಾಟ್ಸಾಪ್‌ನಲ್ಲಿ ಮಾರ್ಕ್ಸ್ ಪಟ್ಟಿ ಕಳಿಸಬಹುದಾ? ಸೇಫಾ?

ನೆಟ್‌ವರ್ಕ್ ಸರ್: ಮೇಲೆ ಬ್ಯಾಡಗಿಯವರಿಗೆ ಹೇಳಿದ್ದೇನೆ.

ಧಾರವಾಡ ಸಪ್ತಾಪುರ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೇನೆ, ಫಾರ್ವರ್ಡ್ ಬಂದದ್ದು. ಮುಖ್ಯ ಫೈಲಿನ ಹೆಸರಿನ ಕೊನೆಯಲ್ಲಿ ಜೆಪಿಜಿ ಅಂತ ಬದಲಿಸಿ, ಫೋಲ್ಡರ್ ಹಿಡನ್ ಮಾಡಿ. ಹ್ಯಾಕರ್‌ಗೆ ಫೋಟೋ ಅನ್ನಿಸುತ್ತದೆ. ಜೊತೆಗಿರುವ ಬ್ಯಾಟ್ ಫೈಲ್ (ಕಂಪ್ಯೂಟರ್‌ಗೆ ಕೊಡುವ ಆಜ್ಞೆಗಳ ಪಟ್ಟಿ) ಓಡಿಸಿದರೆ ಫೋಲ್ಡರ್‌ಗೆ ಬೀಗ ಬೀಳುತ್ತದೆ.

ನೆಟ್‌ವರ್ಕ್ ಸರ್: ದಯವಿಟ್ಟು ಯಾರೂ ಆ ಬ್ಯಾಟ್ ಫೈಲ್ ಮುಟ್ಟಬೇಡಿ. ಅದರಲ್ಲಿ ಏನು ಬರೆದಿದೆ ಅಂತ ನೀವು ಓದಿದ್ದೀರಾ? ಹೆಸರು ಬದಲಿಸಿದರೆ ಫೈಲು ಬದಲಾಗುವುದಿಲ್ಲ. ಹಿಡನ್ ಅನ್ನುವುದು ಬೀಗ ಅಲ್ಲ, ಪರದೆ. ಎಕ್ಸೆಲ್‌ನಲ್ಲಿ ಪ್ರೊಟೆಕ್ಟ್ ಶೀಟ್ ಕೂಡ ಬೀಗ ಅಲ್ಲ. ಫೈಲು ತೆರೆಯುವಾಗಲೇ ಪಾಸ್‌ವರ್ಡ್ ಕೇಳುವಂತೆ ಮಾಡಿದರೆ ಮಾತ್ರ ಬೀಗ. ಅಡ್ಮಿನ್, ಆ ಮೆಸೇಜ್ ತೆಗೆಯಿರಿ.

ಧಾರವಾಡ ಸಪ್ತಾಪುರ: ಒಳ್ಳೆಯದಾಗಲಿ ಅಂತ ಹಾಕಿದ್ದು ಸರ್. ಇಷ್ಟು ಖಾರವಾಗಿ ಹೇಳಬೇಕಿರಲಿಲ್ಲ.

ಗಾಮನಗಟ್ಟಿ ಫ್ಯಾಕ್ಟರಿ: ಸರ್ ಹೇಳಿದ್ದು ಸರಿಯಿದೆ. ನಮ್ಮಲ್ಲಿ ಯುಎಸ್‌ಬಿ ಬಂದ್, ಡ್ರೈವ್ ಬಂದ್, ವಾಟ್ಸಾಪ್ ಬಂದ್. 2023ರ ಡೇಟಾ ಕಾಯ್ದೆಯಲ್ಲಿ 250 ಕೋಟಿ ದಂಡ ಇದೆ. ಹುಡುಗರನ್ನು ನಂಬಲೇಬಾರದು, ಕೇಶ್ವಾಪುರದ ಕಥೆ ನೋಡಿ.

ಹಳೇ ಹುಬ್ಬಳ್ಳಿ ಅಕೌಂಟೆಂಟ್: ಅಣ್ಣಾವ್ರೇ, ಕೆಲಸ ಬಿಟ್ಟವರೆಲ್ಲ ಕಳ್ಳರಾ? ಆಫೀಸ್ ಖಾತೆ ಮಾಡಿಕೊಡದೆ ಅವನ ಸ್ವಂತ ಜಿಮೇಲ್‌ನಲ್ಲಿ 4 ವರ್ಷ ಕೆಲಸ ತೆಗೆದುಕೊಂಡವರು ಯಾರು? ಜಾಗ ತುಂಬಿದಾಗ ದುಡ್ಡು ಕಟ್ಟಿದ್ದೂ ಅವನೇ ಇರಬೇಕು.

ಗಾಮನಗಟ್ಟಿ ಫ್ಯಾಕ್ಟರಿ: ನೀವೂ ಹಾಗೇ ಡೇಟಾ ತಗೊಂಡು ಬಂದಿದ್ದೀರಾ ಏನು?

ಹಳೇ ಹುಬ್ಬಳ್ಳಿ ಅಕೌಂಟೆಂಟ್: ಮಾತು ಹಿಡಿತದಲ್ಲಿರಲಿ. 12 ವರ್ಷದ ಸರ್ವಿಸ್ ನನ್ನದು.

ಅಡ್ಮಿನ್: ಇಬ್ಬರೂ ಬಿಡ್ರಿ.

ಗಾಮನಗಟ್ಟಿ ಫ್ಯಾಕ್ಟರಿ: ಮೊದಲು ಶುರು ಮಾಡಿದ್ದು ಅವರು.

ನೆಟ್‌ವರ್ಕ್ ಸರ್: ಫ್ಯಾಕ್ಟರಿಯವರೇ, 250 ಕೋಟಿ ಅನ್ನುವುದು ಗರಿಷ್ಠ ಮಿತಿ. ಸುಮ್ನೆ ಜನರನ್ನು ಹೆದರಿಸಬೇಡಿ. ಎಲ್ಲಾ ಬಂದ್ ಮಾಡಿದಿರಿ, ಸರಿ. ನಿಮ್ಮ ಡ್ರಾಯಿಂಗ್ ಗಿರಾಕಿಗೆ ಹೇಗೆ ಹೋಗುತ್ತೆ? ಇಂಥ ಕಡೆ ನಾನು ಕಂಡಿದ್ದು ಒಂದೇ: ಸೂಪರ್‌ವೈಸರ್ ಸ್ಕ್ರೀನಿನ ಫೋಟೋ ಹೊಡೆದು ಸ್ವಂತ ಫೋನಿಂದ ಕಳಿಸುತ್ತಾನೆ. ಕೆಲಸ ನಿಲ್ಲಬಾರದಲ್ವಾ? ಆಫೀಸಿನದೇ ಒಂದು ಸುಲಭದ ದಾರಿ ಕೊಡಿ, ಕಳ್ಳದಾರಿ ಯಾರಿಗೂ ಬೇಡವಾಗುತ್ತದೆ. ಅಕೌಂಟೆಂಟ್ ಹೇಳಿದ್ದು ನನಗೆ ನ್ಯಾಯ ಅನ್ನಿಸಿತು.

ರಾಣೆಬೆನ್ನೂರು ಬೀಜದಂಗಡಿ: ಲ್ಯಾನ್‌ನಲ್ಲಿ ಒಂದು ಫೋಲ್ಡರ್ ಎವ್ರಿಒನ್, ಫುಲ್ ಕಂಟ್ರೋಲ್ ಕೊಟ್ಟು ಇಟ್ಟಿದ್ದೇವೆ, ಅಂದರೆ ಯಾರು ಬೇಕಾದರೂ ತಿದ್ದಬಹುದು, ಅಳಿಸಬಹುದು. ಟ್ಯಾಲಿ ಡೇಟಾನೂ ಅಲ್ಲೇ. ಒಂದು ಕಂಪ್ಯೂಟರ್ ವಿಂಡೋಸ್ 7. ನಡೆಯುತ್ತಾ?

ನೆಟ್‌ವರ್ಕ್ ಸರ್: ನಡೆಯಲ್ಲ. ಒಂದು ಕಂಪ್ಯೂಟರ್‌ಗೆ ರಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೂ ಆ ಫೋಲ್ಡರ್ ಪೂರ್ತಿ ಹೋಗುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಅಂಥದೇ ವೈರಸ್ ಬಂದಾಗ ಹೆಚ್ಚಾಗಿ ಸಿಕ್ಕಿಬಿದ್ದವು ವಿಂಡೋಸ್ 7 ಕಂಪ್ಯೂಟರ್‌ಗಳೇ. ಅದನ್ನು ತಡೆಯಲು ಬೇಕಾದ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಕೆಟ್ಟರು. ಈಗ ವಿಂಡೋಸ್ 7ಗೆ ಪ್ಯಾಚೇ ಬರುವುದಿಲ್ಲ, 2020ರ ಜನವರಿಗೇ ನಿಂತಿತು. ಅದನ್ನು ನೆಟ್‌ವರ್ಕ್‌ನಿಂದ ಕಿತ್ತುಬಿಡಿ. ಟ್ಯಾಲಿ ಬ್ಯಾಕಪ್ ರಾತ್ರಿ ಬೇರೆ ಡಿಸ್ಕ್‌ಗೆ ಹೋಗಲಿ, ಆಮೇಲೆ ಡಿಸ್ಕ್ ಬಿಚ್ಚಿಡಿ.

ಹಾವೇರಿ ಜೆರಾಕ್ಸ್: ಜಿಮೇಲ್‌ನಲ್ಲಿ 25 ಎಂಬಿ ಮೇಲೆ ಹೋಗ್ತಿಲ್ಲ. ಪಿಡಿಎಫ್ ಸಣ್ಣ ಮಾಡೋ ಫ್ರೀ ವೆಬ್‌ಸೈಟ್ ಬಳಸಬಹುದಾ?

ನೆಟ್‌ವರ್ಕ್ ಸರ್: ಸಿನಿಮಾ ಪೋಸ್ಟರ್ ಆದರೆ ಬಳಸಿ. ಗಿರಾಕಿಯ ಆಸ್ತಿ ಪತ್ರ ಆದರೆ ಬೇಡ. ನೀವು ಅದನ್ನು ಯಾರದೋ ಕಂಪ್ಯೂಟರ್‌ಗೆ ಕೊಟ್ಟ ಹಾಗೆ.

ನವನಗರ ಮೆಡಿಕಲ್: ಆಫೀಸ್ ಸಿಸಿಟಿವಿ ಫೋನ್‌ನಲ್ಲಿ ನೋಡುವುದು ಸೇಫಾ ಸರ್?

ಲಕ್ಷ್ಮೇಶ್ವರ ಸೊಸೈಟಿ: ವಾಟ್ಸಾಪ್‌ನಲ್ಲಿ ಸಾಲದ ಅರ್ಜಿ ತರಿಸಿಕೊಳ್ಳಬಹುದಾ?

ನೆಟ್‌ವರ್ಕ್ ಸರ್: ವಾಟ್ಸಾಪ್ ವಿಷಯ ಮೇಲೆ ಓದಿ. ಮೂರನೇ ಸಲ.

ಲಕ್ಷ್ಮೇಶ್ವರ ಸೊಸೈಟಿ: ಓದೋಕೆ ಟೈಮ್ ಇದ್ದಿದ್ದರೆ ಕೇಳ್ತಿರಲಿಲ್ಲ.

ನೆಟ್‌ವರ್ಕ್ ಸರ್: ಬರೆಯೋಕೆ ನನಗೂ ಟೈಮ್ ಇಲ್ಲ ಸ್ವಾಮಿ.

ಕೇಶ್ವಾಪುರ ಆಡಿಟ್ ಆಫೀಸ್: ಸರ್, ಎಲ್ಲಾ ಇಳಿಸಿದೆ. 7 ಜಿಪ್. ಎಣಿಕೆ ತಾಳೆಯಾಯ್ತು. ಎರಡು ಫೈಲು ಮಾತ್ರ ತೆರೆಯಲಿಲ್ಲ, ಅದರ ಕಾಗದದ ಪ್ರತಿ ಇದೆ. ಡಿಸ್ಕ್ ಬೀರುವಿನಲ್ಲಿದೆ. ಕ್ಲೈಂಟ್‌ಗಳ ಪೋರ್ಟಲ್ ನೋಡಿದೆ, 11 ಜನರ ಕಡೆ ಅವನದೇ ನಂಬರ್.

ನೆಟ್‌ವರ್ಕ್ ಸರ್: ಭೇಷ್ ಮೇಡಂ. ಈಗ ಫೋನ್ ಮಾಡಿ. ಸಮಾಧಾನದಿಂದ ಮಾತಾಡಿ. ಲಿಂಕ್ ಬಂದ್ ಮಾಡಿ, ಫೋಲ್ಡರ್ ಅಳಿಸಪ್ಪ ಅಂತ ಕೇಳಿ.

ಕೇಶ್ವಾಪುರ ಆಡಿಟ್ ಆಫೀಸ್: ಮಾಡಿದೆ ಸರ್. ಫೋನ್‌ನಲ್ಲಿ ಮಾತಾಡ್ತಿರುವಾಗಲೇ ಲಿಂಕ್ ಬಂದ್ ಮಾಡಿದ. ನಾಳೆ ಸಂಜೆ ಆಫೀಸಿಗೆ ಬಂದು ನಮ್ಮೆದುರೇ ಅಳಿಸ್ತಾನಂತೆ. ಓಟಿಪಿ ದಿನಾ ಬರ್ತಿತ್ತಂತೆ, ಯಾರಿಗೆ ಹೇಳಬೇಕು ಗೊತ್ತಾಗಲಿಲ್ಲ ಮೇಡಂ ಅಂದ. ಸಾಹೇಬರೇ ಫೋನ್ ತಗೊಂಡು ಊಟಕ್ಕೆ ಬಾ ಅಂದರು.

ನೆಟ್‌ವರ್ಕ್ ಸರ್: ಒಳ್ಳೆಯದಾಯ್ತು. 11 ನಂಬರ್ ಬದಲಿಸುವುದನ್ನು ನಾಳೆ ಬೆಳಿಗ್ಗೆಯೇ ಶುರು ಮಾಡಿ. ಟ್ರ್ಯಾಶ್ ಖಾಲಿ ಮಾಡುವುದು ನೆನಪಿರಲಿ.