ಜಿಆರ್‌ಇ ವರ್ಬಲ್: 'ಆಲ್ದೋ' ಕಂಡ ಕೂಡಲೇ ಉಲ್ಟಾ ಪದ ಹಾಕಬಹುದಾ? ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಜಿಆರ್‌ಇ (ವಿದೇಶದಲ್ಲಿ ಎಂಎಸ್ ಥರದ ಓದಿಗೆ ಬರೆಯುವ ಪರೀಕ್ಷೆ) ವರ್ಬಲ್, ಅಂದರೆ ಅದರ ಇಂಗ್ಲಿಷ್ ಭಾಗ, ಹೇಳಿಕೊಡುವ ಮೇಡಂ ಸಂಜೆ ಇರುತ್ತಾರೆ. ಬಿಟ್ಟ ಸ್ಥಳ ತುಂಬುವುದರ ಬಗ್ಗೆ ಮಾತ್ರ ಕೇಳಿ.

ಮಲೆನಾಡಿಗ: ಮೇಡಂ, 'ಆಲ್ದೋ ದಿ ರಿವ್ಯೂಸ್ ವರ್ ಹಾರ್ಡ್ಲಿ ____, ದಿ ನಾವೆಲ್ ಸೋಲ್ಡ್ ವೆಲ್.' ಆಲ್ದೋ ಅಂದ್ರೆ 'ಆದರೂ' ಇದೆ, ಪುಸ್ತಕ ಚೆನ್ನಾಗಿ ಮಾರಾಟವಾಗಿದೆ, ಹಾಗಾದ್ರೆ ವಿಮರ್ಶಕರು ಬೈದಿರಬೇಕು ಅಂತ 'ಸ್ಕೇದಿಂಗ್' ಹಾಕಿದೆ. ಕೀ ಉತ್ತರದಲ್ಲಿ 'ಗ್ಲೋಯಿಂಗ್' (ಹೊಗಳುವಂಥದ್ದು) ಇದೆ. ಕೀ ತಪ್ಪಾ?

ಮೇಡಂ: ಕೀ ಸರಿಯಾಗಿದೆ. ವಿಮರ್ಶೆ ಚೆನ್ನಾಗಿರಲಿಲ್ಲ ಅನ್ನುವವರೆಗೆ ನಿಮ್ಮ ಲೆಕ್ಕವೂ ಸರಿ. ಆದರೆ ಬಿಟ್ಟ ಸ್ಥಳಕ್ಕೆ ಅಂಟಿಕೊಂಡೇ 'ಹಾರ್ಡ್ಲಿ' ಕೂತಿದೆ, ಅದನ್ನು ನೀವು ಓದೇ ಇಲ್ಲ. 'ಹಾರ್ಡ್ಲಿ ಸ್ಕೇದಿಂಗ್' ಅಂದರೆ ಅಷ್ಟೇನೂ ಬೈದಿರಲಿಲ್ಲ ಅಂತ. ಯಾರೂ ಬೈಯದ ಪುಸ್ತಕ ಖರ್ಚಾದರೆ ಅದರಲ್ಲಿ ಆಶ್ಚರ್ಯ ಏನು, ಆಲ್ದೋ ಯಾಕೆ ಬೇಕು? ಇಲ್ಲಿ ತಿರುವು ಎರಡು. ಆಲ್ದೋ ಇಡೀ ವಾಕ್ಯ ತಿರುಗಿಸುತ್ತದೆ, ಹಾರ್ಡ್ಲಿ ಆ ಒಂದು ಪದವನ್ನು ಮಾತ್ರ. ಸ್ಕೇರ್ಸ್ಲಿ, ಫಾರ್ ಫ್ರಮ್, ಎನಿಥಿಂಗ್ ಬಟ್ ಕೂಡ ಇದೇ ಜಾತಿ. ಆಯ್ಕೆ ನೋಡುವ ಮೊದಲು ನಿಮ್ಮದೇ ಪದ ಹಾಕಿ ನೋಡಿ, ಕನ್ನಡದಲ್ಲೇ ಇರಲಿ: 'ವಿಮರ್ಶೆಯಲ್ಲಿ ಅಂಥಾ ಹೊಗಳಿಕೆಯೇನೂ ಇರಲಿಲ್ಲ, ಆದ್ರೂ ಪುಸ್ತಕ ಖರ್ಚಾಯ್ತು.' ಹೊಗಳಿಕೆ ಸಿಕ್ತಲ್ವಾ? ಈಗ ಆಯ್ಕೆಗೆ ಹೋಗಿ.

ಬಯಲುಸೀಮೆ: 'ಫಾರ್ ಆಲ್ ಹಿಸ್ ವೆಲ್ತ್' ಅಂದ್ರೆ ಆಸ್ತಿಗೋಸ್ಕರ ಅಂತಾನಾ?

ಮೇಡಂ: ಅಲ್ಲ. ಅಷ್ಟು ದುಡ್ಡಿದ್ದರೂ ಅಂತ. ಡಿಸ್ಪೈಟ್ ಅಂತಲೇ ಓದಿಕೊಳ್ಳಿ.

ಸೆಕೆಂಡ್ ಅಟೆಂಪ್ಟ್: ಆಲ್ದೋ ಥರ ದಾರಿ ತೋರಿಸುವ ಸಿಗ್ನಲ್ ಪದವೇ ಇಲ್ಲದಿದ್ರೆ?

ಮೇಡಂ: ಚಿಹ್ನೆ ನೋಡಿ. ಕೋಲನ್ ಆದಮೇಲೆ ಬರುವುದು ಸಾಮಾನ್ಯವಾಗಿ ಹಿಂದಿನ ಮಾತಿನ ವಿವರಣೆ.

ಕೋಡ್ ಕುಮಾರ: ಫಾರ್ವರ್ಡ್ ಬಂದಿದ್ದು: 'ಬಟ್, ಯೆಟ್, ವೈಲ್ ಕಂಡರೆ ಉಲ್ಟಾ ಪದ. ಸಿನ್ಸ್, ಬಿಕಾಸ್ ಕಂಡರೆ ಕಾರಣ. ವಾಕ್ಯ ಪೂರ್ತಿ ಓದಿ ಟೈಮ್ ಹಾಳು ಮಾಡಬೇಡಿ. ಎಲ್ಲರಿಗೂ ಕಳಿಸಿ.'

ಮೇಡಂ: ಯಾರಿಗೂ ಕಳಿಸಬೇಡಿ. 'ಸಿನ್ಸ್ 2011' ಅಂದರೆ ಯಾವ ಕಾರಣ? 'ಆಸ್ ಯೆಟ್' ಅಂದರೆ ಇಲ್ಲಿಯವರೆಗೆ, ಅದರಲ್ಲಿ ಉಲ್ಟಾ ಎಲ್ಲಿದೆ? ವೈಲ್ ಕೆಲವು ಕಡೆ 'ಆಗ', ಕೆಲವು ಕಡೆ 'ಆದರೂ'. ಪೂರ್ತಿ ಓದದೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಮಲೆನಾಡಿಗರು ಎಡವಿದ್ದು ಇದೇ ಥರದ ಸೂತ್ರದಿಂದ.

ಕೋಡ್ ಕುಮಾರ: ನಾನು ಬರೆದಿದ್ದಲ್ಲ ಮೇಡಂ, ಬಂದಿದ್ದು ಹಾಕಿದೆ ಅಷ್ಟೇ.

ಎಂಎಸ್ ಕನಸು: ಮೂರು ಬಿಟ್ಟ ಸ್ಥಳದಲ್ಲಿ ಎರಡು ಸರಿಯಾದ್ರೆ ಮಾರ್ಕ್ಸ್ ಸಿಗುತ್ತಾ?

ಮೇಡಂ: ಇಲ್ಲ. ಮೂರೂ ಸರಿ ಇರಬೇಕು.

ತುಳುವೆ: ಆರರಲ್ಲಿ ಎರಡು ಪದ ಆರಿಸುವುದರಲ್ಲಿ ಒಂದು ಸರಿಯಾದ್ರೆ ಅರ್ಧ ಮಾರ್ಕ್ಸ್ ಇದೆಯಾ?

ಮೇಡಂ: ಇಲ್ಲ.

ಎಂಎಸ್ ಕನಸು: ಎಷ್ಟು ಸ್ಕೋರ್ ಬಂದ್ರೆ ಸ್ಕಾಲರ್‌ಶಿಪ್ ಸಿಗುತ್ತೆ ಮೇಡಂ?

ಪಿಒ ಪರೀಕ್ಷಾರ್ಥಿ: ಡೌಟ್ ಇದ್ರೆ ಖಾಲಿ ಬಿಡ್ರಪ್ಪಾ, ತಪ್ಪಿಗೆ ಕಾಲು ಮಾರ್ಕ್ಸ್ ಹೋಗುತ್ತೆ.

ತುಳುವೆ: ಅದು ನಿಮ್ಮ ಐಬಿಪಿಎಸ್ ಬ್ಯಾಂಕ್ ಪರೀಕ್ಷೆ ಗುರು. ಜಿಆರ್‌ಇಯಲ್ಲಿ ನೆಗೆಟಿವ್ ಇಲ್ಲ.

ಪಿಒ ಪರೀಕ್ಷಾರ್ಥಿ: ಅದಕ್ಕೇ ಅದು ಸುಲಭ. ನಮ್ಮ ಥರ ಲಕ್ಷಾಂತರ ಜನರ ಜೊತೆ ಬರೆದು ನೋಡಿ.

ತುಳುವೆ: ಸಾವಿರಾರು ರೂಪಾಯಿ ಫೀಸ್ ಕಟ್ಟಿ ನೀವು ಬರೆದು ನೋಡಿ.

ಪಿಒ ಪರೀಕ್ಷಾರ್ಥಿ: ಹಾಂ, ಅಪ್ಪನ ದುಡ್ಡು ಅಲ್ವಾ.

ಮೇಡಂ: ಇಬ್ಬರೂ ಇನ್‌ಬಾಕ್ಸಿಗೆ ಹೋಗಿ. ಜಿಆರ್‌ಇ ಬರೆಯುವವರು ಒಂದನ್ನೂ ಖಾಲಿ ಬಿಡಬೇಡಿ. 2023ರ ಸೆಪ್ಟೆಂಬರ್‌ನಿಂದ ವರ್ಬಲ್‌ಗೆ 27 ಪ್ರಶ್ನೆ, 41 ನಿಮಿಷ. ಅದರಲ್ಲೇ ಪ್ಯಾಸೇಜೂ ಓದಬೇಕು.

ಬೆಂಗಳೂರು ಬಾಯ್: ಮೇಡಂ, ಮೂರರಲ್ಲಿ ಎರಡು ಸರಿ ಇದ್ರೆ ಎಷ್ಟು ಮಾರ್ಕ್ಸ್?

ಮೇಡಂ: ಮೇಲೆ ಓದಿ.

ಬಯಲುಸೀಮೆ: ಸಿಗ್ನಲ್ ಪದಗಳ ಪಿಡಿಎಫ್ ಇದ್ರೆ ಹಾಕಿ ಪ್ಲೀಸ್.

ಕೋಡ್ ಕುಮಾರ: ನನ್ನ ಹತ್ರ ಇದೆ, ಹಾಕಲಾ?

ಮೇಡಂ: ಬೇಡ.